ಮೀನಿಗೂ ಒಂದು ಆವರ್ತನ

(ಪುಣೆಯ ಕೋಥರೂಡದಿಂದ ಓದುಗರೊಬ್ಬರು ಬರೆದಿದ್ದಾರೆ: "ಅಮೆರಿಕದಲ್ಲಿ ಅಳಿವಿನಂಚಿನ ಮೀನುಗಳಿಗಾಗಿ ಅಣೆಕಟ್ಟಿನಿಂದ ನೀರು ಬಿಡುತ್ತಾರೆಂದು ಕಳೆದ ಸಂಚಿಕೆಯಲ್ಲಿ ಬಹಳ ಮೆಚ್ಚಿ ಬರೆದಿದ್ದೀರಿ. ನನ್ನ ಊರು ಇಂಡಿ ತಾಲ್ಲೂಕಿನ ಭೀಮಾ ದಂಡೆಯಲ್ಲಿದೆ. ಬೇಸಿಗೆ ಬಂತೆಂದರೆ ದನಕರುಗಳ ನೀರಿಗೂ ಮೇಲಿನ ಉಜನಿ ಅಣೆಕಟ್ಟಿನ ಕಡೆ ಮುಖ ಮಾಡಿ ಕೂರುವವರು ನಾವು. ಮೀನು ಬೇಕಿದ್ದರೆ ಲೋಣಾವಳಾದಿಂದ ಮರಿ ತಂದು ಬಿಟ್ಟರಾಯಿತು. ನೀರನ್ನೇಕೆ ಚೆಲ್ಲಬೇಕು?")

ಮಾನ್ಯರೇ,

ನಿಮ್ಮ ಸಿಟ್ಟಿಗೆ ಅರ್ಧ ಕಾರಣ ನಮ್ಮ ಟಿಪ್ಪಣಿಯೇ. ಮೀನಿಗಾಗಿ ನೀರು ಬಿಟ್ಟರು ಎಂದು ನಾಲ್ಕು ಸಾಲು ಬರೆದು ಕೈತೊಳೆದುಕೊಂಡೆವು. ಯಾವಾಗ ಬಿಟ್ಟರು, ಬಿಟ್ಟದ್ದು ಎಲ್ಲಿಗೆ ಹೋಯಿತು ಎಂಬುದನ್ನು ಹೇಳಲಿಲ್ಲ. ವಿಷಯದ ತಿರುಳಿರುವುದು ಆ 'ಯಾವಾಗ'ದಲ್ಲೇ.

ಆ ಅಣೆಕಟ್ಟು ಫ್ಲೇಮಿಂಗ್ ಗಾರ್ಜ್. ಕೊಲೊರಾಡೊ ನದಿಯ ಉಪನದಿಯಾದ ಗ್ರೀನ್ ನದಿಗೆ ಅಡ್ಡಲಾಗಿದೆ. ಅದು ತುಂಬುವ ಮುನ್ನ, 1962ರಲ್ಲಿ, ಸರ್ಕಾರಿ ಇಲಾಖೆಗಳೇ ನೂರಾರು ಕಿಲೋಮೀಟರ್ ಉದ್ದಕ್ಕೆ ನದಿಗೆ ರೊಟಿನೋನ್ ಎಂಬ ವಿಷ ಬೆರೆಸಿ ಅಲ್ಲಿನ ಮೀನುಗಳನ್ನು ಕೊಂದವು. ಗಾಳ ಹಾಕುವವರಿಗೆ ಟ್ರೌಟ್ ಬೇಕಿತ್ತು, ಉಳಿದದ್ದೆಲ್ಲ ಕಸ. ಈಗ ನೀರು ಬಿಡುತ್ತಿರುವುದು ಆ ಕಸಕ್ಕೇ. ಅವರನ್ನು ಜಾಣರೆಂದು ಹೊಗಳುವ ಮೊದಲು ಇದನ್ನೂ ನಾವು ಬರೆಯಬೇಕಿತ್ತು.

ಅವುಗಳಲ್ಲಿ ಒಂದು, ಬೆನ್ನ ಮೇಲೆ ಕತ್ತಿಯಲಗಿನಂಥ ಏಣು ಇರುವ ರೇಜರ್‌ಬ್ಯಾಕ್ ಸಕ್ಕರ್. ಹಿಮ ಕರಗಿ ಹೊಳೆ ಏರುವ ಕಾಲಕ್ಕೆ ಮೊಟ್ಟೆ ಇಡುತ್ತದೆ. ಹೊರಬಂದ ಮರಿ ಸುಮಾರು ಒಂದು ಸೆಂಟಿಮೀಟರ್ ಉದ್ದ. ಹರಿವಿಗೆ ಎದುರು ಈಜುವ ತ್ರಾಣವಿಲ್ಲ, ನೀರು ಒಯ್ದ ಕಡೆಗೆ ಹೋಗುತ್ತದೆ. ನೆರೆ ದಂಡೆ ಮೀರಿ ಪಕ್ಕದ ಜೌಗಿಗೆ ನುಗ್ಗಿದರೆ ಮರಿಯೂ ಅಲ್ಲಿಗೆ ಸೇರಿ, ಬೆಚ್ಚಗಿನ ನೀರಿನಲ್ಲಿ ತಿಂದು ಬೆಳೆಯುತ್ತದೆ. ಅಣೆಕಟ್ಟು ನೆರೆಯನ್ನೇ ನುಂಗಿದ ಮೇಲೆ ಆ ದಾರಿ ಮುಚ್ಚಿತು. ನೀರು ಬಿಡಲು ಶುರುಮಾಡಿದಾಗಲೂ, ಕೆಳಗೆ ಬಂದು ಸೇರುವ ಯಾಂಪಾ ನದಿಯ ನೆರೆಯನ್ನು ನೋಡಿ ಬಿಡುತ್ತಿದ್ದರು. ಮರಿ ಮೊಟ್ಟೆಯೊಡೆದು ಬರುವಷ್ಟರಲ್ಲಿ ನೀರು ಇಳಿದಿರುತ್ತಿತ್ತು. 2012ರಿಂದ ಕ್ರಮ ಬದಲಾಯಿತು. ರಾತ್ರಿ ಹೊಳೆಯಂಚಿನಲ್ಲಿ ದೀಪವಿಟ್ಟ ಪುಟ್ಟ ಬೋನುಗಳನ್ನು ಇಳಿಬಿಡುತ್ತಾರೆ. ಬೆಳಕಿಗೆ ಮರುಳಾಗಿ ಮೊದಲ ಮರಿ ಬಂದು ಬಿತ್ತೆಂದರೆ ಅಣೆಕಟ್ಟಿಗೆ ಸುದ್ದಿ ಹೋಗುತ್ತದೆ. ನೀರು ಬಿಡುವುದು ಆಮೇಲೆ.

ಬಿಟ್ಟ ನೀರು ಗ್ರೀನ್ ನದಿಯಲ್ಲೇ ಹರಿದು, ಕೊಲೊರಾಡೊ ಸೇರಿ, ಕೆಳಗಿನ ಪೊವೆಲ್ ಜಲಾಶಯ ತಲುಪುತ್ತದೆ. ನಷ್ಟ ಇಲ್ಲವೆಂದಲ್ಲ. ಟರ್ಬೈನು ತಪ್ಪಿಸಿ ಬಿಟ್ಟಷ್ಟಕ್ಕೆ ವಿದ್ಯುತ್ ಖೋತಾ.

ಇನ್ನು ನಮ್ಮ ಕಡೆಗೆ ಬರೋಣ. ಕಾಲುವೆಗೆ ಸರದಿಯ ಮೇಲೆ ನೀರು ಬಿಡುವುದಕ್ಕೆ ಇಲ್ಲಿ 'ಆವರ್ತನ' ಎನ್ನುತ್ತಾರೆ. ಪುಣೆ ಪಕ್ಕದ ಖಡಕವಾಸಲಾ ಅಣೆಕಟ್ಟಿನಿಂದ ದೌಂಡ್, ಇಂದಾಪುರದ ಹೊಲಗಳಿಗೆ ಆವರ್ತನ ಉಂಟು. ಉಜನಿಯಿಂದ ಸೊಲ್ಲಾಪುರದ ಕುಡಿಯುವ ನೀರಿಗೆಂದು ಭೀಮೆಯ ಪಾತ್ರಕ್ಕೇ ಬಿಟ್ಟದ್ದು ಔಜ್-ಚಿಂಚಪುರ ಬಾಂದಾರದವರೆಗೆ ಹರಿದು ಬರುವುದನ್ನು ನಿಮಗೆ ನಾನು ವಿವರಿಸಬೇಕಿಲ್ಲ. ಕಬ್ಬಿಗೆ, ಊರಿಗೆ ತಾರೀಖು ಗೊತ್ತುಮಾಡಬಲ್ಲವರು ಹೊಳೆಗೂ ಒಂದನ್ನು ಗೊತ್ತುಮಾಡಬಹುದು. ಪಾತ್ರದಲ್ಲಿ ಹೇಗೂ ಹರಿಯಲಿರುವ ನೀರನ್ನು ಮೀನಿನ ಹೊತ್ತು ನೋಡಿ ಬಿಟ್ಟರೆ ನಿಮ್ಮ ದನಗಳ ಪಾಲು ಕಡಿಮೆಯಾಗುವುದಿಲ್ಲ. ಹೊಳೆಗೆಂದೇ ನೀರು ಗೊತ್ತುಮಾಡಿದ್ದು ನಮ್ಮ ದೇಶದಲ್ಲೂ ಉಂಟು. ಗಂಗಾ ನದಿಯ ಮೇಲ್ಭಾಗಕ್ಕೆ ಕೇಂದ್ರ ಸರ್ಕಾರ 2018ರಲ್ಲೇ ಕನಿಷ್ಠ ಹರಿವನ್ನು ನಿಗದಿಮಾಡಿದೆ: ನವೆಂಬರ್‌ನಿಂದ ಮಾರ್ಚ್‌ವರೆಗೆ ಸರಾಸರಿ ಹರಿವಿನ ಶೇ. 20, ಮಳೆಗಾಲದಲ್ಲಿ ಶೇ. 30.

ಲೋಣಾವಳಾದ ಮರಿಗಳ ಮಾತು ನೀವೇ ಎತ್ತಿದ್ದು ಒಳ್ಳೆಯದಾಯಿತು. ಅಲ್ಲಿನ ಟಾಟಾ ಪವರ್ ಮರಿಕೇಂದ್ರದಲ್ಲಿ 1970ರ ದಶಕದಿಂದ ಸಾಕುತ್ತಿರುವ ಮಹಶೀರ್ ಇದೇ ಪುಣೆಯ ಮೀನು. 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಅದಕ್ಕೆ ಖುದ್ರೀ ಎಂದು ಹೆಸರಿಟ್ಟು ವಿವರಿಸಿದ್ದು ನಮ್ಮ ಮುಳಾ-ಮುಠಾ ನದಿಯಲ್ಲಿ ಸಿಕ್ಕ ಮೀನನ್ನು ನೋಡಿ. ಒಳ್ಳೆಯ ಉದ್ದೇಶದಿಂದಲೇ ಆ ಮರಿಗಳನ್ನು ಕಾವೇರಿಗೂ ಬಿಟ್ಟರು. ಕಾವೇರಿಗೆ ಅದರದೇ ಮಹಶೀರ್ ಇತ್ತು, ಬೆನ್ನು ಗೂನಿನ, ಕಿತ್ತಳೆ ರೆಕ್ಕೆಯ ದೈತ್ಯ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದ್ದು 120 ಪೌಂಡ್ ತೂಗಿತ್ತು. ಗಾಳಗಾರರ 1998ರಿಂದ 2012ರವರೆಗಿನ ದಾಖಲೆಗಳನ್ನು ಸಂಶೋಧಕರು ತಿರುವಿಹಾಕಿದಾಗ ಪುಣೆಯ ಮೀನಿನ ಸಂಖ್ಯೆ ಏರುತ್ತಲೂ ಕಾವೇರಿಯದರದು ಇಳಿಯುತ್ತಲೂ ಇರುವುದು ಕಂಡಿತು. ಗೂನು ಬೆನ್ನಿನದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಆ ಹೊತ್ತಿಗೆ ಅದು ತೀವ್ರ ಅಳಿವಿನಂಚಿಗೆ ಬಂದಿತ್ತು. ಪುಣೆಯಲ್ಲಿ ನೆಲೆಸಿದ ಕನ್ನಡಿಗನಾಗಿ ಇದನ್ನು ಬರೆಯುವಾಗ ನನಗೆ ಸ್ವಲ್ಪ ಮುಜುಗರವೇ ಆಗುತ್ತದೆ.

ಒಂದು ಮಾತಿನಲ್ಲಿ ಮಾತ್ರ ನಿಮಗೆ ನಾನು ಪೂರ್ತಿ ಸೋಲುತ್ತೇನೆ. ಖಡಕವಾಸಲಾದಿಂದ ಬೇಸಿಗೆಯಲ್ಲಿ ಒಂದಿಷ್ಟು ನೀರು ಬಿಟ್ಟೊಡನೆ ಊರೊಳಗಿನ ಮುಠೆಯಲ್ಲಿ ಮೀನು ಕುಣಿಯುವುದಿಲ್ಲ. ಸಂಜೆ ಡೆಕ್ಕನ್ ಜಿಮಖಾನಾ ಕಡೆಯಿಂದ ಭಿಡೆ ಸೇತುವೆಗೆ ಇಳಿದು ನೋಡಿ: ಕಪ್ಪು ನೀರು, ಮೇಲೆ ಬಿಳಿ ನೊರೆ, ಮೂಗಿಗೆ ಕರವಸ್ತ್ರ. ಮಳೆಗಾಲದಲ್ಲಿ ಅದೇ ಸೇತುವೆ ಮುಳುಗಿತೇ ಎಂದು ನೋಡಲು ಜನ ಸೇರುತ್ತಾರೆ. ಅಣೆಕಟ್ಟಿನ ನೀರು ಪುಣೇಕರರ ಬಾಯಿಗೆ ಬರುವುದು ಆಗಲೇ, ಕ್ಯೂಸೆಕ್‌ಗಳಲ್ಲಿ. 2024ರ ಜುಲೈಯಲ್ಲಿ ಸಿಂಹಗಡ ರಸ್ತೆಯ ಮನೆಗಳಿಗೆ ನೀರು ನುಗ್ಗಿದ ಮೇಲಂತೂ ಬಿಡುವುದು ಎಂದರೆ ಭಯ. ಕೊಳಚೆ ನಿಲ್ಲದೆ ಇಲ್ಲಿ ಮೀನಿನ ಆವರ್ತನದ ಮಾತು ಆಡುವುದೇ ದುಬಾರಿ. ಹಾಗಾಗಿ ನನ್ನ ಮನಸ್ಸು ನಿಮ್ಮ ಊರಿನ ಭೀಮೆಯ ಕಡೆಗೇ ಓಡುತ್ತದೆ.

ಮಲೆನಾಡಿನವರಿಗೆ ಮೊದಲ ಮಳೆಯ ಹೊಸನೀರಿಗೆ ಮೇಲೆ ಹತ್ತಿ ಬರುವ 'ಹತ್ತುಮೀನು' ಗೊತ್ತು. ನಿಮ್ಮ ಕಡೆಯ ಅಂಬಿಗರು ಹೊಸನೀರಿಗೆ ಯಾವ ಮೀನು ಏರುತ್ತದೆ, ಯಾವ ಮಳೆ ನಕ್ಷತ್ರಕ್ಕೆ ಮೊಟ್ಟೆ ಕಟ್ಟುತ್ತದೆ ಎನ್ನುತ್ತಾರೆ? ಊರಿಗೆ ಹೋದಾಗ ಹಿರಿಯರನ್ನು ಕೇಳಿ ಬರೆಯಿರಿ. ಈ ಸಲ ನಾಲ್ಕೇ ಸಾಲಿಗೆ ಕತ್ತರಿಸುವುದಿಲ್ಲ.

– ಸಂಪಾದಕ