ಕಾಸರಗೋಡಿನ ಬಡ ಮಕ್ಕಳಿಗೆ ಸ್ಕಾಲರ್‌ಶಿಪ್ ನ್ಯಾಯವಾಗಿ ಸಿಗುತ್ತದಾ?

ಕೇರಳದಲ್ಲಿ ಸರಕಾರಿ ಶಾಲೆ ಚೆನ್ನಾಗಿದೆ, ಸ್ಕಾಲರ್‌ಶಿಪ್‌ಗಳೂ ಇವೆ, ಹಾಗಿದ್ದ ಮೇಲೆ ಅಲ್ಲಿನ ಕನ್ನಡ ಮಕ್ಕಳಿಗೇನು ತೊಂದರೆ ಎಂದು ಕೇಳಿದ್ದೀರಿ. ಶಾಲೆ ಚೆನ್ನಾಗಿರುವುದು ನಿಜ. ಸ್ಕಾಲರ್‌ಶಿಪ್ ಇರುವುದೂ ನಿಜ. ಅದು ಯಾರ ಕೈಗೆ ಸಿಗುತ್ತದೆ ಎನ್ನುವುದು ಬೇರೆ ವಿಷಯ. ನಾನು ಕಾಸರಗೋಡು ಜಿಲ್ಲೆಯ, ಕರ್ನಾಟಕದ ಗಡಿಗೆ ತಾಗಿದ ಮಂಜೇಶ್ವರ ತಾಲೂಕಿನವನು. ಊರಿನ ಶಾಲೆಯ ಪಿ.ಟಿ.ಎ.ಯಲ್ಲಿ (ಹೆತ್ತವರ ಮತ್ತು ಅಧ್ಯಾಪಕರ ಸಂಘ) ಇದ್ದೇನೆ, ಮಕ್ಕಳ ಅರ್ಜಿಗಳನ್ನು ಹತ್ತಿರದಿಂದ ನೋಡುತ್ತೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹೈಸ್ಕೂಲು ಮಕ್ಕಳಿಗೆ ದೊಡ್ಡದು ಎನ್ನುವಂಥದ್ದು ಕೇಂದ್ರ ಸರಕಾರದ ಎನ್.ಎಂ.ಎಂ.ಎಸ್., ಅಂದರೆ ನ್ಯಾಷನಲ್ ಮೀನ್ಸ್ ಕಮ್ ಮೆರಿಟ್ ಸ್ಕಾಲರ್‌ಶಿಪ್. 2008ರಲ್ಲಿ ಶುರುವಾಯಿತು. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆಯಬೇಕು. ಪಾಸಾಗಿ ಪಟ್ಟಿಯಲ್ಲಿ ಹೆಸರು ಬಂದರೆ ಒಂಬತ್ತರಿಂದ ಪ್ಲಸ್ ಟು (ಹನ್ನೆರಡನೇ ತರಗತಿ) ತನಕ ವರ್ಷಕ್ಕೆ 12,000 ರೂಪಾಯಿ. ಮೊದಲು 6,000 ಇತ್ತು, 2017ರಲ್ಲಿ ಎರಡು ಪಟ್ಟು ಮಾಡಿದರು. ಇಡೀ ದೇಶಕ್ಕೆ ವರ್ಷಕ್ಕೆ 1 ಲಕ್ಷ ಹೊಸ ಸ್ಕಾಲರ್‌ಶಿಪ್, ಅದರಲ್ಲಿ ಕೇರಳದ ಪಾಲು 3,473. ಸರಕಾರಿ ಮತ್ತು ಏಯ್ಡೆಡ್ (ಅನುದಾನಿತ) ಶಾಲೆಯ ಮಕ್ಕಳಿಗೆ ಮಾತ್ರ. ನವೋದಯ, ಕೇಂದ್ರೀಯ ವಿದ್ಯಾಲಯ, ಖಾಸಗಿ ಶಾಲೆಯವರಿಗೆ ಇಲ್ಲ. ಅದು ಸರಿಯಾದ ನಿಯಮವೇ. ಬೀಡಿ ಕಟ್ಟುವ ತಾಯಿಗೆ ತಿಂಗಳಿಗೆ ಸಾವಿರ ರೂಪಾಯಿ ಎಂದರೆ ಮಗುವಿನ ಬಸ್ಸಿನ ದುಡ್ಡು, ಪುಸ್ತಕ, ಚಪ್ಪಲಿ ಎಲ್ಲ ಬಂತು. ಹತ್ತನೇ ಆದ ಮೇಲೆ ಹುಡುಗನನ್ನು ಮಂಗಳೂರಿನ ಅಂಗಡಿಯ ಕೆಲಸಕ್ಕೆ ಕಳಿಸುವುದಾ, ಪ್ಲಸ್ ಒನ್‌ಗೆ ಸೇರಿಸುವುದಾ ಎನ್ನುವ ಮನೆಯಲ್ಲಿ ಈ ದುಡ್ಡು ತೀರ್ಮಾನವನ್ನೇ ಬದಲಿಸುತ್ತದೆ.

ಆದರೆ ಬಡವರು ಯಾರು ಎಂದು ಅಳೆಯುವ ರೀತಿ ನೋಡಿ. ಆದಾಯದ ಮಿತಿ 3.5 ಲಕ್ಷ. ವಿಲ್ಲೇಜ್ ಆಫೀಸಿನ, ಅಂದರೆ ಊರಿನ ಕಂದಾಯ ಕಚೇರಿಯ, ಆದಾಯ ಪ್ರಮಾಣಪತ್ರವೇ ಆಧಾರ. ಸಂಬಳದವರ ಆದಾಯ ಪೂರ್ತಿ ಕಾಗದದಲ್ಲಿ ಕಾಣುತ್ತದೆ. ಅಡಿಕೆ ತೋಟದ ಆದಾಯ ಹಾಗೆ ಕಾಣುವುದಿಲ್ಲ. ಅದನ್ನು ಹೇಳಿಕೆ ಮೇಲೆ, ಅಂದಾಜಿನ ಮೇಲೆ ಬರೆಯುತ್ತಾರೆ. ಹೀಗಾಗಿ ನಾಲ್ಕೆಕರೆ ಅಡಿಕೆ, ಕಾಳುಮೆಣಸು ಇರುವ ಮನೆ ಮಿತಿಯ ಒಳಗೆ ನಿಲ್ಲಬಹುದು. ಸಹಕಾರಿ ಸಂಘದಲ್ಲಿ ಕ್ಲರ್ಕ್ ಆಗಿರುವವನ ಮನೆ ಹೊರಗೆ ಬೀಳಬಹುದು. ಮಿತಿಯೊಳಗೆ ಬಂದವರಲ್ಲೂ ಎಲ್ಲರೂ ಒಂದೇ ಲೆಕ್ಕ. ವರ್ಷಕ್ಕೆ 80,000 ದುಡಿಯುವ ಮನೆಯ ಮಗುವೂ 3.4 ಲಕ್ಷದ ಮನೆಯ ಮಗುವೂ ಒಂದೇ ಪರೀಕ್ಷೆ, ಒಂದೇ ಪಟ್ಟಿ. ಆಮೇಲೆ ಬರೀ ಅಂಕವೇ ನಿರ್ಧಾರ ಮಾಡುವುದು.

ಅಂಕ ಎಲ್ಲಿಂದ ಬರುತ್ತದೆ? ಪರೀಕ್ಷೆಯಲ್ಲಿ ಎರಡು ಪೇಪರ್, ತಲಾ 90 ಪ್ರಶ್ನೆ, ತಲಾ 90 ನಿಮಿಷ. ಒಂದು ಪಾಠಕ್ಕೆ ಸಂಬಂಧಿಸಿದ್ದು. ಇನ್ನೊಂದು ಬುದ್ಧಿಶಕ್ತಿಯದ್ದು: ಸಂಖ್ಯೆಗಳ ಸರಣಿ, ಚಿತ್ರಗಳ ಹೋಲಿಕೆ, ಸಂಕೇತ ಬಿಡಿಸುವುದು. ಎರಡನೆಯದನ್ನು ಶಾಲೆಯಲ್ಲಿ ಯಾರೂ ಪಾಠ ಮಾಡುವುದಿಲ್ಲ. ಹೇಳಿಕೊಟ್ಟವರಿಗೆ ಸುಲಭ, ಮೊದಲ ಸಲ ನೋಡುವವರಿಗೆ ಕಬ್ಬಿಣದ ಕಡಲೆ. ಸಂಜೆ ನಾಲ್ಕರ ಮೇಲೆ ಒಬ್ಬ ಟೀಚರ್ ನಿಂತು ಹಳೇ ಪೇಪರ್ ಬಿಡಿಸಿಕೊಡುವ ಶಾಲೆಯಿಂದ ಪ್ರತಿ ವರ್ಷ ಮಕ್ಕಳು ಆಯ್ಕೆಯಾಗುತ್ತಾರೆ. ಅಂಥ ಟೀಚರ್ ಇಲ್ಲದ ಶಾಲೆಯಿಂದ ಅರ್ಜಿಯೇ ಹೋಗುವುದಿಲ್ಲ. ಆ ಮಕ್ಕಳಲ್ಲಿ ಬುದ್ಧಿ ಕಡಿಮೆ ಇದೆಯಾ? ಖಂಡಿತ ಇಲ್ಲ. ಸಂಜೆ ನಿಂತರೆ ಕೊನೇ ಬಸ್ಸು ತಪ್ಪುತ್ತದೆ ಎನ್ನುವ ಕಾರಣಕ್ಕೇ ಮನೆಗೆ ಓಡುವ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ.

ಇಷ್ಟು ತೊಂದರೆ ಎಲ್ಲ ಕಡೆಯೂ ಇದ್ದೀತು. ಇನ್ನು ಗಡಿಯದ್ದು ಹೇಳುತ್ತೇನೆ, ನೀವು ಕೇಳಿದ್ದು ಅದೇ ಅಲ್ವಾ.

ನಮ್ಮ ಮಕ್ಕಳು ಕನ್ನಡದಲ್ಲಿ ಪರೀಕ್ಷೆ ಬರೆಯಬಹುದು. ಅದಕ್ಕೆ ಅವಕಾಶ ಇದೆ. ಆದರೆ ತಯಾರಿ ಯಾವುದರಿಂದ? ಮಂಗಳೂರಿನ ಅಂಗಡಿಯಲ್ಲಿ ಸಿಗುವ ಕನ್ನಡ ಗೈಡ್ ಕರ್ನಾಟಕದ ಪಾಠಪಟ್ಟಿಗೆ ಮಾಡಿದ್ದು. ನಮ್ಮ ಮಕ್ಕಳು ಓದುವುದು ಕೇರಳದ ಪಾಠಪಟ್ಟಿ. ಕೇರಳದ ಪಾಠಪಟ್ಟಿಯ ಗೈಡ್ ಬೇಕಾದಷ್ಟಿವೆ, ಆದರೆ ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ. ಯೂಟ್ಯೂಬ್ ಪಾಠಗಳೂ ಹಾಗೆಯೇ. ಸಮಾಜ ವಿಜ್ಞಾನದಲ್ಲಿ ಈ ವ್ಯತ್ಯಾಸ ಜಾಸ್ತಿ ಪೆಟ್ಟು ಕೊಡುತ್ತದೆ. ಮನೆಯಲ್ಲಿ ತುಳು ಅಥವಾ ಬ್ಯಾರಿ ಮಾತಾಡಿ, ಶಾಲೆಯಲ್ಲಿ ಕನ್ನಡದಲ್ಲಿ ಕಲಿತು, ಮಲಯಾಳದ ಪಾಠ ಕೇಳಿ ತಯಾರಾಗುವ ಎಂಟನೇ ತರಗತಿಯ ಮಗುವನ್ನು ಯೋಚಿಸಿ. ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದ್ದಕ್ಕೆ ಇಲ್ಲಿ ಆಗಾಗ ಪ್ರತಿಭಟನೆ ನಡೆಯುವುದು ಸುಮ್ನೆ ಭಾಷಾಭಿಮಾನಕ್ಕಲ್ಲ. ಅದರ ಹಿಂದೆ ಇಂಥ ಲೆಕ್ಕಗಳಿವೆ.

ಮತ್ತೆ ಕಾಗದಪತ್ರ. ಸ್ಕಾಲರ್‌ಶಿಪ್ ಸುದ್ದಿ ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ಅರ್ಜಿ ಆನ್‌ಲೈನ್. ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಬೇಕು, ಅಂದರೆ ಅಮ್ಮನ ಒಂದು ದಿನದ ಬೀಡಿ ಹೋಯಿತು. ಆಯ್ಕೆಯಾದ ಮೇಲೂ ಮುಗಿಯುವುದಿಲ್ಲ. ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಮತ್ತೆ ಹೆಸರು ನೋಂದಾಯಿಸಬೇಕು. ಆಧಾರ್‌ನಲ್ಲಿ, ಶಾಲೆಯ ದಾಖಲೆಯಲ್ಲಿ, ಬ್ಯಾಂಕಿನಲ್ಲಿ ಹೆಸರು ಒಂದೇ ಥರ ಇರಬೇಕು. ನಮ್ಮಲ್ಲಿ ಒಂದೇ ಹೆಸರನ್ನು ಕನ್ನಡದವರು ಒಂದು ಥರ, ಮಲಯಾಳದವರು ಇನ್ನೊಂದು ಥರ ಇಂಗ್ಲಿಷಿಗೆ ಇಳಿಸುತ್ತಾರೆ. ಒಂದು ಅಕ್ಷರ ಹೆಚ್ಚು ಕಡಿಮೆಯಾದರೂ ದುಡ್ಡು ನಿಲ್ಲುತ್ತದೆ. ಪ್ರತಿ ವರ್ಷ ನವೀಕರಣ ಬೇರೆ. ಪರೀಕ್ಷೆ ಪಾಸಾಗಿಯೂ ದುಡ್ಡು ಕಾಣದ ಮಕ್ಕಳು ನಮ್ಮೂರಲ್ಲಿದ್ದಾರೆ, ಅದು ನನಗೆ ತುಂಬ ಸಂಕಟದ ವಿಷಯ.

ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಬೇರೆ ಸ್ಕಾಲರ್‌ಶಿಪ್ ಇದೆ. ಅದಕ್ಕೆ ಬೀಡಿ ಕಾರ್ಮಿಕರ ಗುರುತಿನ ಕಾರ್ಡ್ ಬೇಕು. ತನ್ನ ಹೆಸರಿನಲ್ಲಿ ಲೆಕ್ಕವಿಲ್ಲದೆ ಪಕ್ಕದ ಮನೆಯವರ ಪಾಸ್‌ಬುಕ್ಕಿನಲ್ಲಿ ಬೀಡಿ ಕೊಡುವ ಹೆಂಗಸಿಗೆ ಆ ಕಾರ್ಡ್ ಇರುವುದಿಲ್ಲ. ಹೆಚ್ಚು ಬಡವಳು ಅವಳೇ.

ಜಾತಿ ಪಟ್ಟಿಯ ಕತೆಯನ್ನೂ ಹೇಳಲೇಬೇಕು. ನಮ್ಮಲ್ಲಿ ಮರಾಟಿ ಸಮುದಾಯ ಇದೆ. ಗಡಿಯ ಆಚೆ ದಕ್ಷಿಣ ಕನ್ನಡದಲ್ಲೂ ಅವರೇ ಇದ್ದಾರೆ, ಅಣ್ಣ ಆಚೆ, ತಂಗಿ ಈಚೆ ಎನ್ನುವಂಥ ಸಂಬಂಧ. ಅಲ್ಲಿ ಅವರು ಪರಿಶಿಷ್ಟ ಪಂಗಡ. ಇಲ್ಲಿ 2002ರ ಕಾಯ್ದೆಯಲ್ಲಿ ಪಟ್ಟಿಯಿಂದ ಹೊರಬಿದ್ದರು, 2013ರಲ್ಲಿ ಮರಳಿ ಸೇರಿದರು. ನಡುವೆ ಹತ್ತು ವರ್ಷ. ಎನ್.ಎಂ.ಎಂ.ಎಸ್.ನಲ್ಲಿ ಸಾಮಾನ್ಯರಿಗೆ 40 ಶೇಕಡಾ ಅಂಕ ಬೇಕು, ಪರಿಶಿಷ್ಟರಿಗೆ 32 ಸಾಕು. 2008ರ ನಂತರ ಕೆಲವು ವರ್ಷ ಗಡಿಯ ಆಚೆಯ ಮಗುವಿಗೆ 32, ಈಚೆಯ ಅದರ ಅತ್ತೆ ಮಗಳಿಗೆ 40. ಮನೆ ಅದೇ, ಕೂಲಿ ಅದೇ. ಆ ಹತ್ತು ವರ್ಷದಲ್ಲಿ ಹೈಸ್ಕೂಲು ದಾಟಿದವರಿಗೆ ಪಟ್ಟಿ ಸರಿಯಾದದ್ದರಿಂದ ಏನೂ ಸಿಗಲಿಲ್ಲ.

ಹಾಗಾದರೆ ಮಕ್ಕಳನ್ನು ಕರ್ನಾಟಕದ ಶಾಲೆಗೆ ಸೇರಿಸಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ಗಡಿಯ ತಲಪಾಡಿ ದಾಟಿ ಹೋಗುವ ಮಕ್ಕಳು ಇದ್ದಾರೆ. ಆದರೆ ಕರ್ನಾಟಕದ ರಾಜ್ಯ ಸ್ಕಾಲರ್‌ಶಿಪ್‌ಗೆ ಅಲ್ಲಿನ ಜಾತಿ, ಆದಾಯ ಪ್ರಮಾಣಪತ್ರ ಬೇಕು. ನಮ್ಮ ಕೈಯಲ್ಲಿರುವುದು ಕೇರಳದ್ದು. ಕೇರಳದ ಸ್ಕಾಲರ್‌ಶಿಪ್‌ಗೆ ಇಲ್ಲಿನ ಶಾಲೆಯಲ್ಲಿ ಓದಿರಬೇಕು. ಎರಡೂ ಕೈ ತಪ್ಪುತ್ತದೆ.

ಪರೀಕ್ಷೆ ಇಟ್ಟು ಆರಿಸುವುದನ್ನೇ ಬಿಡಬೇಕು ಎಂದು ನಾನು ಹೇಳುವುದಿಲ್ಲ. ಗೆದ್ದ ಮಗುವಿನ ಮುಖದ ಮೇಲಿನ ಧೈರ್ಯ ನನಗೆ ಗೊತ್ತು. ಆದರೆ ಬಡತನಕ್ಕೆ ಕೊಡುವ ದುಡ್ಡನ್ನು ಪೂರ್ತಿ ಪರೀಕ್ಷೆಗೆ ಕಟ್ಟುವುದು ಸರಿಯಲ್ಲ. ಯಾರು ಬಡವರು ಎಂದು ಸರಕಾರಕ್ಕೆ ಈಗಲೇ ಗೊತ್ತಿದೆ. ಕೇರಳದಲ್ಲಿ ರೇಷನ್ ಕಾರ್ಡಿಗೆ ಬಣ್ಣವೇ ಇದೆ: ಹಳದಿ ಕಡು ಬಡವರಿಗೆ, ಗುಲಾಬಿ ಆದ್ಯತೆಯವರಿಗೆ. ಹಳದಿ ಕಾರ್ಡಿನ ಮನೆಯ ಮಗು ಎಂಟನೇ ತರಗತಿಗೆ ಬಂದ ಕೂಡಲೇ ಅರ್ಜಿ ಇಲ್ಲದೆ ಸಣ್ಣದೊಂದು ಮೊತ್ತ ಬರಲಿ, ಪರೀಕ್ಷೆಯದ್ದು ಅದರ ಮೇಲೆ ಇರಲಿ. ಆ ಪರೀಕ್ಷೆಗೂ ಮಕ್ಕಳ ಹೆಸರನ್ನು ಶಾಲೆಯೇ ಸೇರಿಸಲಿ. ಬೇಡ ಎನ್ನುವವರು ಮಾತ್ರ ಬರೆದು ಕೊಡಲಿ.

ಏನಾದರೂ ಸಹಾಯ ಮಾಡಬಹುದಾ ಎಂದೂ ಕೇಳಿದ್ದೀರಿ. ಮಾಡಬಹುದು. ಬ್ಯಾಗು, ನೋಟ್‌ಬುಕ್ಕು ಹಂಚುವವರು ಜೂನ್ ತಿಂಗಳಲ್ಲಿ ಬೇಕಾದಷ್ಟು ಜನ ಬರುತ್ತಾರೆ. ನಮಗೆ ಬೇಕಾಗಿರುವುದು ಕೇರಳ ಪಾಠಪಟ್ಟಿಯ ಏಳು, ಎಂಟನೇ ತರಗತಿಯ ವಿಜ್ಞಾನ, ಸಮಾಜ ಮತ್ತು ಗಣಿತಕ್ಕೆ ಕನ್ನಡದಲ್ಲಿ ಪ್ರಶ್ನೆಗಳ ಪುಸ್ತಕ, ಉತ್ತರಕ್ಕೆ ವಿವರಣೆ ಸಮೇತ. ನಿಮ್ಮ ಕಡೆ ನಿವೃತ್ತ ಗಣಿತ ಮೇಷ್ಟ್ರು ಯಾರಾದರೂ ಇದ್ದರೆ ಶನಿವಾರ ಒಂದು ಗಂಟೆ ಫೋನಿನಲ್ಲಿ ಬುದ್ಧಿಶಕ್ತಿ ಪೇಪರ್ ಹೇಳಿಕೊಡಲಿ. ಪಠ್ಯಪುಸ್ತಕ ನಾವು ಕಳಿಸುತ್ತೇವೆ. ಶಾಲೆಯ ಸ್ಮಾರ್ಟ್ ಕ್ಲಾಸಿನಲ್ಲಿ ಪರದೆ ಇದೆ, ಮಕ್ಕಳನ್ನು ಕೂರಿಸುವುದು, ಆಮೇಲೆ ಮನೆಗೆ ಬಿಡಲು ಜೀಪು ಮಾಡುವುದು ಪಿ.ಟಿ.ಎ. ನೋಡಿಕೊಳ್ಳುತ್ತದೆ.