ಬಡ್ತಿ ಸಿಗುವವರೆಗೆ ಮಾತ್ರ ಬೇರೊಬ್ಬರಂತೆ ಇರಬಹುದೇ?

ನೀವು ಮಿತಭಾಷಿ, ಸಭೆಗಳಲ್ಲಿ ಹಿಂದೆ ಉಳಿಯುತ್ತೀರಿ. ಮ್ಯಾನೇಜರ್ ಆಗುವವರೆಗೆ ಚುರುಕಿನ ಮಾತುಗಾರರಂತೆ ನಡೆದುಕೊಂಡು, ಹುದ್ದೆ ಕೈಗೆ ಬಂದ ಮೇಲೆ ನಿಮ್ಮಂತೆ ನೀವು ಇರಬಹುದೇ ಎಂದು ಕೇಳಿದ್ದೀರಿ. ಇದೇ ಲೆಕ್ಕಾಚಾರದಲ್ಲಿ ನಾನು ಆರು ವರ್ಷ ಕಳೆದಿದ್ದೇನೆ.

ನಾನು ಬರೆಯುತ್ತಾ ಯೋಚಿಸುವವಳು. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ನನಗೆ ತಕ್ಷಣ ಹೊಳೆಯುವುದಿಲ್ಲ. ಹಾಳೆಯ ಮೇಲೆ ಎರಡು ಸಲ ಬರೆದು ಹೊಡೆದುಹಾಕಿದ ಮೇಲೆಯೇ ನನ್ನ ಅಭಿಪ್ರಾಯ ಏನೆಂಬುದು ನನಗೇ ತಿಳಿಯುತ್ತದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷದ ಮೌಲ್ಯಮಾಪನದಲ್ಲಿ, ಕೆಲಸ ಅಚ್ಚುಕಟ್ಟಾಗಿದೆ, ಆದರೆ ಸಭೆಯಲ್ಲಿ ಇವರು ಇದ್ದಾರೆಂದೇ ಗೊತ್ತಾಗುವುದಿಲ್ಲ ಎಂದು ನನ್ನ ಮೇಲಧಿಕಾರಿ ಬರೆದರು. ಆ ಒಂದು ಸಾಲನ್ನು ನಾನು ತೀರ್ಪಿನಂತೆ ಸ್ವೀಕರಿಸಿದೆ. ಅಂದಿನಿಂದ ಪ್ರತಿ ಸಭೆಯಲ್ಲಿ ಮೊದಲ ಐದು ನಿಮಿಷದೊಳಗೆ ಏನಾದರೊಂದು ಹೇಳಲೇಬೇಕೆಂದು ನಿಯಮ ಮಾಡಿಕೊಂಡೆ. ಪ್ರಶ್ನೆ ಮುಗಿಯುವ ಮೊದಲೇ ತಲೆಯಾಡಿಸುವುದನ್ನು ಕಲಿತೆ. "ನೋಡಿ ಹೇಳುತ್ತೇನೆ" ಎನ್ನುವ ಮಾತನ್ನು ಬಿಟ್ಟು "ಆಗುತ್ತದೆ" ಎನ್ನುವುದನ್ನು ರೂಢಿಸಿಕೊಂಡೆ. ಬಡ್ತಿಗಳು ನಿಜವಾಗಿಯೂ ಬಂದವು: ಮೊದಲು ತಂಡದ ಮುಖ್ಯಸ್ಥೆ, ಆಮೇಲೆ ಮೂರು ತಂಡಗಳ ಹೊಣೆ.

ಈಗ ಈ ಹಾದಿಯಲ್ಲಿ ನಾನು ಮಾಡಿದ ಒಂದು ತಪ್ಪಿನ ವಿಷಯಕ್ಕೆ ಬರುತ್ತೇನೆ. ಹಳೆಯ ಬಿಲ್ಲಿಂಗ್ ವ್ಯವಸ್ಥೆಯಲ್ಲಿದ್ದ ಗ್ರಾಹಕರ ಖಾತೆಗಳನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ ನಮ್ಮದಾಗಿತ್ತು. ಪ್ರಾಯೋಗಿಕ ಸಾಗಣೆಯಲ್ಲಿ, ನಡುವೆ ವಿಳಾಸ ಬದಲಿಸಿದ್ದ ಗ್ರಾಹಕರಲ್ಲಿ ಕೆಲವರ ಖಾತೆ ಹೊಸ ವ್ಯವಸ್ಥೆಯಲ್ಲಿ ಎರಡೆರಡು ಸಲ ಮೂಡುತ್ತಿತ್ತು. ತಂಡದ ಕಿರಿಯ ಸಹೋದ್ಯೋಗಿಯೊಬ್ಬರು ಅದನ್ನು ಪತ್ತೆ ಹಚ್ಚಿ ನನಗೆ ತೋರಿಸಿದ್ದರು. ನಾನು ಅದನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡು, "ಕಾರಣ ಗೊತ್ತಾಗುವವರೆಗೆ ದಿನಾಂಕ ಕೊಡಬಾರದು" ಎಂದು ಅಡಿಗೆರೆ ಎಳೆದಿದ್ದೆ. ಎರಡು ದಿನಗಳ ನಂತರದ ಸಮೀಕ್ಷಾ ಸಭೆಯಲ್ಲಿ ನಿರ್ದೇಶಕರು ತ್ರೈಮಾಸಿಕ ಮುಗಿಯುವುದರೊಳಗೆ ಸಾಗಣೆ ಆಗುತ್ತದೆಯೇ ಎಂದು ಕೇಳಿದಾಗ, ಆ ಪುಸ್ತಕ ನನ್ನ ಎದುರಿಗೇ ತೆರೆದಿದ್ದರೂ, ನಾನು "ಆಗುತ್ತದೆ" ಎಂದೆ.

ಏಕೆ ಹಾಗೆಂದೆ ಎಂಬುದನ್ನು ಅಂದಿನಿಂದ ಎಷ್ಟು ಸಲ ಬಿಡಿಸಿ ನೋಡಿದ್ದೇನೆಂದರೆ, ಆ ಕೆಲವು ಕ್ಷಣಗಳು ನನಗೆ ಇಂದಿಗೂ ಬಿಡಿಬಿಡಿಯಾಗಿ ನೆನಪಿವೆ. ನಿರ್ದೇಶಕರ ಬಗ್ಗೆ ಭಯವಿರಲಿಲ್ಲ. ಅವರು ಸಮಾಧಾನದ ಮನುಷ್ಯರು, ಕೇಳಿದ್ದರೆ ಸಮಯ ಕೊಡುತ್ತಿದ್ದರು. ಸುಳ್ಳು ಹೇಳುವ ಉದ್ದೇಶವೂ ಇರಲಿಲ್ಲ, ಏಕೆಂದರೆ ಆ ಕ್ಷಣದಲ್ಲಿ ಅದು ಆಗುತ್ತದೆ ಎಂದು ನಾನು ನಿಜವಾಗಿಯೂ ನಂಬಿದ್ದೆ. ನಡೆದದ್ದು ಇಷ್ಟು: ಆ ಕೋಣೆಯಲ್ಲಿ ತಡವರಿಸುವ ಹಕ್ಕನ್ನು ನನ್ನಿಂದ ನಾನೇ ವರ್ಷಗಳ ಹಿಂದೆ ಕಿತ್ತುಕೊಂಡಿದ್ದೆ. ಅಲ್ಲಿದ್ದ ಹನ್ನೊಂದು ಜನರಿಗೆ ಗೊತ್ತಿದ್ದದ್ದು ತಡವರಿಸದ ಒಬ್ಬಳು ಮಾತ್ರ, ಆದ್ದರಿಂದ ಅವಳೇ ಉತ್ತರ ಕೊಟ್ಟಳು. ಅಂದಾಜು ತಪ್ಪಿದ್ದನ್ನು ನಾನು ನನ್ನ ತಪ್ಪೆಂದು ಎಣಿಸುವುದಿಲ್ಲ. ಅಂದಾಜುಗಳು ಎಲ್ಲರದೂ ತಪ್ಪುತ್ತವೆ. "ನಾಳೆ ಬೆಳಿಗ್ಗೆ ಬರೆದು ತಿಳಿಸುತ್ತೇನೆ" ಎಂಬ ವಾಕ್ಯ ನನ್ನ ಸ್ವಭಾವಕ್ಕೆ ಅತ್ಯಂತ ಸಹಜವಾಗಿದ್ದರೂ, ಅದನ್ನು ಹೇಳಲಾರದಂತಹ ಸ್ಥಿತಿಗೆ ನನ್ನನ್ನು ನಾನೇ ತಂದುಕೊಂಡದ್ದು ನನ್ನ ತಪ್ಪು.

ಸಾಗಣೆ ಹೇಳಿದ ದಿನಕ್ಕೆ ಮುಗಿಯಿತು. ಹಲವು ಗ್ರಾಹಕರಿಗೆ ಒಂದೇ ತಿಂಗಳಿಗೆ ಎರಡು ಬಿಲ್ಲುಗಳು ಹೋದವು. ಅದನ್ನು ಸರಿಪಡಿಸಲು ತಂಡ ಏಳು ವಾರ ರಾತ್ರಿ, ರಜಾದಿನವೆನ್ನದೆ ದುಡಿಯಿತು. ದೋಷವನ್ನು ಮೊದಲು ಕಂಡವರು ಆ ನಡುವೆ ಒಂದು ದಿನ, "ಮೇಡಂ, ನೀವು ಅದನ್ನು ಬರೆದುಕೊಂಡಿದ್ದಿರಲ್ಲವೇ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಎರಡು ತಿಂಗಳ ನಂತರ ಅವರು ಕೆಲಸ ಬಿಟ್ಟರು.

ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನದ ಪರಿಚಾರಕಿಯರನ್ನೂ ಬಾಕಿ ವಸೂಲಿ ಮಾಡುವವರನ್ನೂ ಅಧ್ಯಯನ ಮಾಡಿ, 1983ರಲ್ಲಿ 'ಭಾವನಾತ್ಮಕ ದುಡಿಮೆ' ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಅವರು ಎರಡು ಬಗೆಯ ನಟನೆಯನ್ನು ಬೇರ್ಪಡಿಸುತ್ತಾರೆ: ಮುಖದಲ್ಲಷ್ಟೇ ಭಾವ ತೋರಿಸುವ ಮೇಲ್ಪದರದ ನಟನೆ ಒಂದು, ಆ ಭಾವವನ್ನು ತನ್ನೊಳಗೇ ಹುಟ್ಟಿಸಿಕೊಳ್ಳುವ ಆಳದ ನಟನೆ ಇನ್ನೊಂದು. ನಿಮ್ಮ ಯೋಜನೆ ಮೇಲ್ಪದರದಲ್ಲೇ ನಿಲ್ಲುತ್ತದೆ, ಬೇಕೆಂದಾಗ ಕಳಚಬಹುದು ಎಂದು ನೀವು ಭಾವಿಸಿದ್ದೀರಿ. ನನ್ನದು ಹಾಗೆ ನಿಲ್ಲಲಿಲ್ಲ. ದಿನವೂ ಮಾಡುತ್ತಾ ಬಂದದ್ದು ಒಳಗೆ ಇಳಿಯಿತು, ನನ್ನ ಸಂಶಯಗಳು ನನಗೇ ಕೇಳಿಸದಂತಾದವು.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸುವುದು ತಂಡ ನನ್ನಿಂದ ಕಲಿತ ಪಾಠ. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳ ತಂಡಗಳನ್ನು ನೋಡುವಾಗ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗುತ್ತಿದ್ದವು. ಅಲ್ಲಿ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದು ಅವರು ಅದಕ್ಕೆ ಕೊಟ್ಟ ವಿವರಣೆ. ನನ್ನ ತಂಡದಲ್ಲಿ ಯಾರೂ "ನನಗೆ ಗೊತ್ತಿಲ್ಲ" ಎನ್ನುತ್ತಿರಲಿಲ್ಲ, ಅದನ್ನು ನಾನು ಸಾಮರ್ಥ್ಯದ ಗುರುತೆಂದು ಹೆಮ್ಮೆಪಟ್ಟಿದ್ದೆ. ಹಾಗೆನ್ನುವ ಮುಖ್ಯಸ್ಥೆಯನ್ನು ಅವರು ಒಮ್ಮೆಯೂ ನೋಡಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. "ಹುದ್ದೆ ಸಿಕ್ಕ ಮೇಲೆ" ಎನ್ನುತ್ತೀರಿ. ಆ ಹುದ್ದೆ ಸಿಗುವುದು ನಿಮಗಲ್ಲ, ನೀವು ನಟಿಸಿದ ವ್ಯಕ್ತಿಗೆ. ಆ ವ್ಯಕ್ತಿಗೆ ತಕ್ಕ ಕೆಲಸವನ್ನು, ಆ ವ್ಯಕ್ತಿಗೆ ತಕ್ಕ ಗಡುವುಗಳನ್ನು ನಿಮ್ಮ ಮೇಜಿನ ಮೇಲೆ ಇಡುತ್ತಾರೆ. ಅಂದು ನೀವು ವೇಷ ಕಳಚಿದರೆ, ಅವರಿಗೆ ಅದು ನಿಮ್ಮ ನಿಜರೂಪವಾಗಿ ಕಾಣುವುದಿಲ್ಲ, ಬಡ್ತಿಯ ನಂತರ ಕುಗ್ಗಿಹೋದವರಂತೆ ಕಾಣುತ್ತೀರಿ. ಮೇಲಕ್ಕೆ ಹೋದಷ್ಟೂ ಕಳಚುವುದು ಕಷ್ಟವಾಗುತ್ತದೆ.

ಹಾಗೆಂದು ಎಲ್ಲವನ್ನೂ ಎಲ್ಲರೆದುರು ತೆರೆದಿಡಿ ಎಂದು ನಾನು ಹೇಳುತ್ತಿಲ್ಲ. ಉಡುಗೆ, ಮಾತಿನ ಧಾಟಿ, ಇಮೇಲ್ ಬರೆಯುವ ಕ್ರಮ, ಇವುಗಳಲ್ಲಿ ಸಂಸ್ಥೆಯ ರೀತಿಗೆ ಹೊಂದಿಕೊಳ್ಳುವುದು ಸೌಜನ್ಯ. ಗಟ್ಟಿಯಾಗಿ, ಸ್ಪಷ್ಟವಾಗಿ ಮಾತನಾಡುವುದನ್ನು ಕಲಿಯಿರಿ. ಅದು ಕೌಶಲ, ನನಗೆ ಈಗಲೂ ಉಪಯೋಗಕ್ಕೆ ಬರುತ್ತಿದೆ. ತಮ್ಮ ಕಾಯಿಲೆಯನ್ನೋ ನಂಬಿಕೆಯನ್ನೋ ಪ್ರೀತಿಸುವವರನ್ನೋ ಸುರಕ್ಷತೆಗಾಗಿ ಕಚೇರಿಯಲ್ಲಿ ಹೇಳದಿರುವವರು ಯಾರಿಗೂ ಮೋಸ ಮಾಡುತ್ತಿಲ್ಲ, ಅವರಿಂದ ಅದನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ನೀವು ಹೇಗೆ ಯೋಚಿಸುತ್ತೀರಿ, ಯಾವುದು ನಿಮಗೆ ಇನ್ನೂ ತಿಳಿದಿಲ್ಲ ಎಂಬೆರಡನ್ನು ಮಾತ್ರ ಮರೆಮಾಡಬೇಡಿ, ಏಕೆಂದರೆ ಸಂಬಳ ಕೊಡುವುದೇ ಅದಕ್ಕೆ.

ಆ ಘಟನೆಯ ನಂತರ ನಡೆದದ್ದನ್ನೆಲ್ಲ, ಪುಸ್ತಕದ ಆ ಪುಟದ ಸಹಿತ, ನಿರ್ದೇಶಕರಿಗೆ ಬರೆದು ಕೊಟ್ಟೆ. ನನ್ನನ್ನು ಒಂದೇ ತಂಡಕ್ಕೆ ಇಳಿಸಿದರು. ಈಗ ಸಭೆಯ ಹಿಂದಿನ ದಿನವೇ ಪ್ರಶ್ನೆಗಳನ್ನು ತರಿಸಿಕೊಂಡು, ಒಂದು ಪುಟದ ಟಿಪ್ಪಣಿ ಸಿದ್ಧಪಡಿಸಿ ಎಲ್ಲರಿಗೂ ಕಳುಹಿಸುತ್ತೇನೆ. ಮಾತಿನಲ್ಲಿ ಹಿಂದೆ ಬೀಳುವವರಿಗೆ ಇದಕ್ಕಿಂತ ಉತ್ತಮವಾದ ದಾರಿ ನನಗೆ ಕಂಡಿಲ್ಲ. ಸ್ಥಳದಲ್ಲೇ ಉತ್ತರ ಬೇಕೆಂದರೆ, ಗೊತ್ತಿರುವುದು ಇಷ್ಟು, ಉಳಿದದ್ದಕ್ಕೆ ಇಷ್ಟು ಸಮಯ ಬೇಕು ಎಂದು ಬಿಡಿಸಿ ಹೇಳುತ್ತೇನೆ.

ಮುಂದಿನ ತಿಂಗಳು ನಿಮಗೆ ಬಡ್ತಿಯ ಸಂದರ್ಶನವಿದೆ ಎಂದು ಬರೆದಿದ್ದೀರಿ. ಯೋಚಿಸಬೇಕಾದ ಪ್ರಶ್ನೆ ಬಂದರೆ ಅಲ್ಲಿಯೇ ಒಂದು ನಿಮಿಷ ಕೇಳಿ, ಹಾಳೆ ತೆಗೆದು ಅವರೆದುರೇ ಬರೆಯಿರಿ. ಅದು ಹಿಡಿಸದೆ ಅವರು ಬೇರೆಯವರನ್ನು ಆರಿಸಬಹುದು. ಹಾಗೆ ನನಗೆ ಒಮ್ಮೆ ಹುದ್ದೆ ತಪ್ಪಿತು. ಎರಡು ವರ್ಷಗಳ ನಂತರ ಇನ್ನೊಂದು ವಿಭಾಗದವರು ನನ್ನ ಟಿಪ್ಪಣಿಗಳನ್ನು ಓದಿ, ಅವುಗಳನ್ನು ಬರೆದವರೇ ಬೇಕೆಂದು ಕೇಳಿಕೊಂಡು ಬಂದರು.