ಯೇಸುಸ್ವಾಮಿ ಅತ್ತದ್ದು ಯಾಕೆ?

ಹುಬ್ಬಳ್ಳಿಯ ಗೆಳೆಯರ ಮನೆಯಲ್ಲಿ ಸತ್ತ ಮೇಲೆ ಯೇಸು ಮತ್ತೆ ಎಬ್ಬಿಸಿದ ಅವರ ಗೆಳೆಯ ಲಾಜರನ ಕಥೆ ಕೇಳಿದಿರಿ, ಯೇಸು ದೇವರಾದರೆ ಲಾಜರನ ಸಮಾಧಿ ಹತ್ತಿರ ಅತ್ತದ್ದು ಯಾಕೆ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ನಾನು ಧಾರವಾಡದ ಕ್ರೈಸ್ತ, ನಾವು ನಂಬುವುದನ್ನು ಹೇಳುತ್ತೇನೆ.

ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ. ಕ್ರಿ.ಶ. 451ರಲ್ಲಿ ಕಲ್ಕೆದೋನ್ ಎಂಬ ಊರಿನಲ್ಲಿ ಸೇರಿದ ಕ್ರೈಸ್ತ ಧರ್ಮಗುರುಗಳ ಸಭೆ ಹೇಳಿದ್ದೂ ಇದನ್ನೇ.

ಬೈಬಲಿನಲ್ಲಿರುವ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ನಿಧಾನವಾಗಿ ಓದಿ. ಲಾಜರನನ್ನು ಸಮಾಧಿ ಮಾಡಿ ಆಗಲೇ ನಾಲ್ಕು ದಿನ. ‘ನಾನೇ ಪುನರುತ್ಥಾನ, ನಾನೇ ಜೀವ’ ಅಂತ ಯೇಸು ಲಾಜರನ ಅಕ್ಕತಂಗಿಯರಲ್ಲಿ ಒಬ್ಬಳಾದ ಮಾರ್ಥಳಿಗೆ ಮೊದಲೇ ಹೇಳಿದ್ದಾರೆ. ಆಮೇಲೆ ಇನ್ನೊಬ್ಬಳು ಮರಿಯ ಬಂದು ಪಾದಕ್ಕೆ ಬಿದ್ದು ಅಳುತ್ತಾಳೆ. ಆಗ ಯೇಸುವಿಗೂ ಕಣ್ಣೀರು ಬರುತ್ತದೆ. ಲಾಜರ ಏಳುತ್ತಾನೆ ಅಂತ ಗೊತ್ತಿದ್ದೂ ಅತ್ತರು ಅಲ್ವಾ? ಅದು ಸುಮ್ನೆ ತೋರಿಕೆಯ ಅಳು ಅಲ್ಲ. ಸತ್ತವನನ್ನು ಎಬ್ಬಿಸಿದ್ದಕ್ಕಿಂತ ಇದೇ ನನ್ನ ಮನಸ್ಸಿಗೆ ಜಾಸ್ತಿ ತಟ್ಟುತ್ತದೆ. ‘ಲಾಜರನೇ, ಹೊರಗೆ ಬಾ’ ಅಂತ ಕೂಗಿದವರೂ ಅವರೇ: ಅತ್ತದ್ದು ಮನುಷ್ಯನಾಗಿ, ಎಬ್ಬಿಸಿದ್ದು ದೇವರಾಗಿ.